ಪದಚರ್ಚೆ: ಅಂಗಾಂಶಕ್ಕೆ ‘ಚಿಕಿತ್ಸೆ’ಯೋ, ‘ಹದ’ವೋ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯ ಓದುಗರಿಗಾಗಿ ಹೃದಯದ ಕವಾಟ ಬದಲಿಸುವ ಶಸ್ತ್ರಕ್ರಿಯೆಯ ಬಗ್ಗೆ ಕನ್ನಡದಲ್ಲಿ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಇಲ್ಲಿನ ಬಹಳ ಮಂದಿ ದೊಡ್ಡ ಆಪರೇಷನಿಗೆ ಮಂಗಳೂರಿಗೇ ಹೋಗುವವರು. ಕೈಗೆ ಬರುವ ಕಾಗದ ಇಂಗ್ಲಿಷಿನದು, ಊರಿನ ಸರಕಾರಿ ಸೂಚನೆ ಮಲಯಾಳದ್ದು. ಕನ್ನಡ ಮಾತ್ರ ಓದಬಲ್ಲ ಹಿರಿಯರು ಒಪ್ಪಿಗೆಯ ಸಹಿ ಹಾಕುವ ಮೊದಲು ಕವಾಟದ ವಿಷಯ ತಿಳಿದಿರಬೇಕೆಂಬುದು ನನ್ನ ಆಸೆ.

ತೊಡಕು ಇರುವುದು ಜೈವಿಕ ಕವಾಟದ ಅಧ್ಯಾಯದಲ್ಲಿ. ದನದ ಹೃದಯದ ಹೊರಪೊರೆಯನ್ನೋ ಹಂದಿಯ ಕವಾಟವನ್ನೋ ಗ್ಲೂಟರಾಲ್ಡಿಹೈಡ್ ಎಂಬ ರಾಸಾಯನಿಕದ ದ್ರಾವಣದಲ್ಲಿಟ್ಟು ಗಟ್ಟಿಮಾಡುತ್ತಾರೆ. ಫ್ರಾನ್ಸಿನ ಶಸ್ತ್ರವೈದ್ಯ ಅಲಾಂ ಕಾರ್ಪಾಂತಿಯೆ 1960ರ ದಶಕದ ಕೊನೆಗೆ ಬಳಕೆಗೆ ತಂದ ಕ್ರಮ ಇದು. ಪೊರೆಗೆ ಬಲ ಕೊಡುವ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ದೇಹ ಅದನ್ನು ಪರಕೀಯವೆಂದು ಎದುರಿಸುವುದೂ ಕಡಿಮೆಯಾಗುತ್ತದೆ. ಆದರೆ ಸತ್ತ ಜೀವಕೋಶಗಳು ಅಲ್ಲೇ ಉಳಿಯುತ್ತವೆ. ಜೀವಂತ ಕೋಶ ಕ್ಯಾಲ್ಸಿಯಮನ್ನು ಸದಾ ಹೊರಗೆ ನೂಕುತ್ತಿರುತ್ತದೆ; ಸತ್ತದ್ದಕ್ಕೆ ಆ ತ್ರಾಣ ಎಲ್ಲಿಂದ? ಒಳಗೆ ಸೇರಿದ ಕ್ಯಾಲ್ಸಿಯಂ ಕೋಶಪೊರೆಯ ಕೊಬ್ಬುಗಳಾದ ಫಾಸ್ಫೊಲಿಪಿಡ್‌ಗಳ ರಂಜಕದೊಂದಿಗೆ ಕೂಡಿ ಹರಳಾಗತೊಡಗುತ್ತದೆ. ಗ್ಲೂಟರಾಲ್ಡಿಹೈಡಿನಲ್ಲಿ ಬೆಸೆಯದೆ ಉಳಿದ ಆಲ್ಡಿಹೈಡ್ ತುದಿಗಳೂ ಇದಕ್ಕೆ ಇಂಬು ಕೊಡುತ್ತವೆ. ಕವಾಟದ ಎಸಳು ಪೆಡಸಾಗಿ, ಕೆಲವೊಮ್ಮೆ ಹರಿದೂ ಹೋಗುತ್ತದೆ. ಎಳೆ ವಯಸ್ಸಿನವರಲ್ಲಿ ಇದು ಬೇಗ.

ಅದಕ್ಕಾಗಿ ಕವಾಟ ತಯಾರಾಗುವಾಗಲೇ ಆ ಪೊರೆಯನ್ನು ಎಥನಾಲಿನಲ್ಲಿಟ್ಟು ಕೊಬ್ಬಿನಂಶ ತೆಗೆಯುವುದು, ಆಲ್ಫಾ ಅಮಿನೋ ಓಲಿಯಿಕ್ ಆಮ್ಲದಿಂದಲೋ ಬೇರೆ ವಿಧದಲ್ಲೋ ಆಲ್ಡಿಹೈಡ್ ತುದಿಗಳನ್ನು ಕಟ್ಟಿಹಾಕುವುದು ಉಂಟು. ಇಂಗ್ಲಿಷಿನವರು ಇದನ್ನೆಲ್ಲ ಟ್ರೀಟ್‌ಮೆಂಟ್ ಅನ್ನುತ್ತಾರೆ. ಕನ್ನಡದಲ್ಲಿ ಏನನ್ನೋಣ?

‘ಕ್ಯಾಲ್ಸೀಕರಣ ನಿರೋಧಕ ಚಿಕಿತ್ಸೆ ನೀಡಲಾಗಿದೆ’ ಎಂಬ ಕರಡು ಓದಿದ ನೆರೆಮನೆಯ ಹಿರಿಯರು ‘ಆ ಮದ್ದು ರೋಗಿಗೆ ಕೊಡುವುದು ಯಾವಾಗ?’ ಎಂದು ಕೇಳಿದರು. ಅವರ ಪ್ರಶ್ನೆ ಸರಿಯಾದದ್ದೇ. ಚಿಕಿತ್ಸೆ ಎಂದರೆ ನಮ್ಮಲ್ಲಿ ಮನುಷ್ಯನಿಗೋ ದನಕ್ಕೋ ಮಾಡುವಂಥದ್ದು. ‘ಸಂಸ್ಕರಣೆ’ ಎಂದರೂ ನಡೆಯುತ್ತದೆ, ಆದರೆ ಏನು ಮಾಡಿದರೆಂದು ಅದು ಹೇಳುವುದಿಲ್ಲ. ನನ್ನ ಒಲವು ‘ಹದ’ದ ಕಡೆಗೆ: ‘ಹದಗೊಳಿಸಿದ ಪೊರೆ’. ತೊಗಲು ಹದಮಾಡುವಲ್ಲಿಯೂ ಗ್ಲೂಟರಾಲ್ಡಿಹೈಡ್ ಬಳಸುತ್ತಾರೆ, ಆದ್ದರಿಂದ ಪದ ಕೆಲಸಕ್ಕೆ ಹತ್ತಿರವೇ ಇದೆ. ಓದುವವರಿಗೆ ಚರ್ಮದ ನೆನಪಾಗಿ ಕಸಿವಿಸಿಯಾದೀತೇ ಎಂಬ ಅಳುಕಿದೆ. ಆದರೂ ದನದ್ದು, ಹಂದಿಯದ್ದು ಎಂಬುದನ್ನು ಮರೆಮಾಚುವ ಪದ ನನಗೆ ಬೇಡ. ಅದನ್ನು ತಿಳಿದೇ ಒಪ್ಪಬೇಕಾದ ಮನೆಗಳು ಇಲ್ಲಿ ಎಲ್ಲ ಮತದಲ್ಲೂ ಇವೆ.

‘ನಿರೋಧಕ’ವನ್ನಂತೂ ಹೊಡೆದುಹಾಕಿದ್ದೇನೆ. ಈ ಹದ ಗಡುಸಾಗುವುದನ್ನು ನಿಧಾನಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ‘ಕಸಿ’ಯೂ ಹೊಂದದು, ನಮ್ಮ ತೋಟದ ಕಸಿ ಚಿಗುರಬೇಕಾದ್ದು, ಇಲ್ಲಿ ಕೂರಿಸುವುದು ಜೀವವಿಲ್ಲದ ಪೊರೆಯನ್ನು. ‘ಅಳವಡಿಕೆ’ ಸಾಕು.

ಉಳಿದದ್ದು ಕ್ಯಾಲ್ಸೀಕರಣ. ‘ಸುಣ್ಣಗಟ್ಟುವುದು’ ಎಂದರೆ ಯಾರಿಗೂ ತಿಳಿಯುತ್ತದೆ. ಪಾಚಿಗಟ್ಟು, ಕೆನೆಗಟ್ಟು ಇದ್ದ ಮೇಲೆ ಇದಕ್ಕೇನು ಕೊರತೆ? ಆದರೆ ಎಸಳಿನಲ್ಲಿ ಕೂಡುವುದು ವೀಳ್ಯಕ್ಕೆ ಹಚ್ಚುವ ಸುಣ್ಣವಲ್ಲ, ಮೂಳೆಯಲ್ಲಿರುವಂಥ ಕ್ಯಾಲ್ಸಿಯಂ ಫಾಸ್ಫೇಟು. ಎಲೆಯಡಿಕೆ ಹಾಕುವವರು ‘ಹಾಗಾದರೆ ಸುಣ್ಣ ಬಿಡಬೇಕೇ’ ಎಂದುಕೊಂಡಾರು. ‘ಹೆಪ್ಪುಗಟ್ಟು’ವಿನೊಡನೆ ಕಲಸಿಹೋದರೆ ಇನ್ನೂ ಕಷ್ಟ, ಏಕೆಂದರೆ ರಕ್ತ ಹೆಪ್ಪುಗಟ್ಟುವ ವಿಚಾರ ಅದೇ ಪುಟದಲ್ಲಿ ಬೇರೆಯಾಗಿ ಬರುತ್ತದೆ.

ಈಗಿನ ವಾಕ್ಯ ಹೀಗಿದೆ: ‘ಕ್ಯಾಲ್ಸಿಯಂ ಕೂಡಿ ಬೇಗ ಗಡುಸಾಗದಂತೆ ಹದಗೊಳಿಸಿದ, ದನದ ಹೃದಯದ ಹೊರಪೊರೆಯಿಂದ ಮಾಡಿದ ಕವಾಟ.’ ಉದ್ದವಾಯಿತು, ನಿಜ. ಅರ್ಥ ಕೆಡಿಸದೆ ಚಿಕ್ಕದು ಮಾಡಬಲ್ಲವರು ಬರೆಯಿರಿ. ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಕನ್ನಡದ ದಾದಿಯರು ರೋಗಿಗೆ ಇದನ್ನು ಬಾಯಲ್ಲಿ ಹೇಗೆ ಹೇಳುತ್ತಾರೆಂದು ಗೊತ್ತಿರುವವರು ಮೊದಲು ಬರೆಯಿರಿ.