‘ತೋರಾದೋರಾ’: ಮೊದಲರ್ಧದ ಗದ್ದಲವನ್ನು ದಾಟಿ ಮುಂದೆ ನೋಡಬೇಕೆ?

ಪ್ರಶ್ನೆ: ಕೊಪ್ಪಳದ ಓದುಗಿ

ಎಲ್ಲರಿಗೂ ನಮಸ್ಕಾರ. ಪಿಯುಸಿ ಓದುತ್ತಿರುವ ತಂಗಿಯ ಒತ್ತಾಯಕ್ಕೆ ‘ತೋರಾದೋರಾ’ ಎಂಬ ಅನಿಮೆ (ಜಪಾನಿ ಅನಿಮೇಷನ್) ಸರಣಿಯನ್ನು ನೋಡಲು ಆರಂಭಿಸಿ, ಈಜುಕೊಳದ ಪಂದ್ಯದ ಕಂತಿನವರೆಗೆ ಬಂದಿದ್ದೇನೆ. ನೋಡಿದವರೆಲ್ಲ ರೌಡಿಯೆಂದು ಹೆದರುವ ಕಣ್ಣುಗಳಿದ್ದರೂ ಅಡುಗೆ, ಕಸಮುಸುರೆಗಳಲ್ಲಿ ಅಷ್ಟು ಅಚ್ಚುಕಟ್ಟಾಗಿರುವ ರ್ಯೂಜಿ ಇಷ್ಟವಾದ. ಆದರೆ ಅವನ ಸಹಪಾಠಿ ತಾಯಿಗಾ ಎಂಬ ಹುಡುಗಿ ಮಾತುಮಾತಿಗೂ ಅವನನ್ನು ಒದೆಯುವುದು, ನಾಯಿ ಎಂದು ಕರೆಯುವುದು ನಗು ತರಿಸುತ್ತಿಲ್ಲ. ಹುಡುಗನೊಬ್ಬ ಹುಡುಗಿಯನ್ನು ಹೀಗೆ ಒದ್ದಿದ್ದರೆ ಅದನ್ನು ಯಾರಾದರೂ ಹಾಸ್ಯವೆನ್ನುತ್ತಿದ್ದರೆ? ಮುಂದೆ ನೋಡುವಂಥದ್ದೇನಾದರೂ ಇದೆಯೇ? ಕಥೆಯ ಗುಟ್ಟು ಬಿಚ್ಚಿಟ್ಟರೂ ನನಗೆ ಬೇಸರವಿಲ್ಲ.

ಉತ್ತರ: ಬಳ್ಳಾರಿ ಕೋಟೆ

ಅಕ್ಕಾರೆ, ನಿಮ್ಮ ಆಕ್ಷೇಪ ಸರಿಯಾಗಿಯೇ ಇದೆ. ಹುಡುಗಿಯ ಸಿಡುಕನ್ನು ಪ್ರೀತಿಯ ಮುಸುಕೆಂದು ತೋರಿಸುವುದು ಆ ಕಾಲದ ಅನಿಮೆಗಳಲ್ಲಿ ಸವೆದುಹೋದ ಜಾಡಾಗಿತ್ತು; 2008ರ ಅಕ್ಟೋಬರ್‌ನಿಂದ 2009ರ ಮಾರ್ಚ್‌ವರೆಗೆ ಪ್ರಸಾರವಾದ ಈ 25 ಕಂತುಗಳ ಸರಣಿಯೂ ಆರಂಭದಲ್ಲಿ ಅದೇ ಜಾಡಿನಲ್ಲಿ ನಡೆಯುತ್ತದೆ. ಆದರೂ ಶಾಲೆಯ ಸಾಂಸ್ಕೃತಿಕ ಉತ್ಸವ ಮುಗಿಯುವ 13ನೆಯ ಕಂತಿನವರೆಗಾದರೂ ನೋಡಿ. ತಂದೆಯನ್ನೇ ಕಾಣದೆ ಬೆಳೆದ ರ್ಯೂಜಿ, ತನ್ನ ಆಸೆಯನ್ನು ತಾಯಿಗಾಳ ಮೇಲೆ ಹೊರಿಸಿ, ಅವಳು ತನ್ನ ಅಪ್ಪನನ್ನು ಕ್ಷಮಿಸುವಂತೆ ಮಾಡುತ್ತಾನೆ. ಉತ್ಸವಕ್ಕೆ ಬರುವೆನೆಂದ ಅಪ್ಪ ಬರುವುದೇ ಇಲ್ಲ. ಒಳ್ಳೆಯ ಹುಡುಗನ ಒಳ್ಳೆಯತನವೇ ಇನ್ನೊಬ್ಬರಿಗೆ ಏಟಾಗಬಲ್ಲದು ಎಂಬುದನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ತೋರಿಸಿದ ಪ್ರೇಮಹಾಸ್ಯಗಳು ನನಗೆ ಹೆಚ್ಚು ಸಿಕ್ಕಿಲ್ಲ. ನಿರ್ದೇಶಕ ತಾತ್ಸುಯುಕಿ ನಾಗಾಯಿ ಮತ್ತು ಚಿತ್ರಕಥೆಯ ಹೊಣೆ ಹೊತ್ತ ಮಾರಿ ಒಕಾಡಾ ಅವರ ನಿಜವಾದ ಶಕ್ತಿ ಕಾಣುವುದು ಅಲ್ಲಿಂದ ಮುಂದೆ. 2011ರ ‘ಆನೋಹಾನಾ’ ಕೂಡ ಇದೇ ಜೋಡಿಯ ಸರಣಿ.

ಉತ್ತರ: ಸಿಂಧನೂರಿನವ

ಬಳ್ಳಾರಿಯ ಅಣ್ಣನವರ ಮಾತಿಗೆ ಒಂದು ತಕರಾರಿದೆ. ಮೊದಲರ್ಧವನ್ನು ಸಹಿಸಿಕೊಂಡರೆ ಎರಡನೆಯರ್ಧದಲ್ಲಿ ಫಲ ಸಿಗುತ್ತದೆ ಎಂಬ ಧಾಟಿ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಆ ಫಲದ ಬೀಜಗಳೆಲ್ಲ ಮೊದಲರ್ಧದಲ್ಲೇ ಇವೆ. ತಾಯಿಗಾ ಒಬ್ಬಳೇ ಇರುವ ಐಷಾರಾಮಿ ಅಪಾರ್ಟ್‌ಮೆಂಟ್ ಪಕ್ಕದಲ್ಲಿ ಎದ್ದದ್ದರಿಂದಲೇ ರ್ಯೂಜಿಯ ಬಾಡಿಗೆ ಮನೆಗೆ ಬಿಸಿಲು ಬೀಳದಂತಾಗಿದೆ. (ರಾಯಚೂರು ಜಿಲ್ಲೆಯವರಾದ ನಮಗೆ ಇದು ವರವೆಂದೇ ಕಂಡೀತು, ಆದರೆ ಅಲ್ಲಿ ಅವನಿಗೆ ಬೂಷ್ಟಿನ ಕಾಟ.) ಅವನ ಅಮ್ಮ ರಾತ್ರಿ ದುಡಿದು ಸಾಕುವ ಈ ಕತ್ತಲೆಯ ಮನೆಯಲ್ಲಿ ತಾಯಿಗಾಳೂ ಸೇರಿ ಮೂವರೂ ಕೂತು ಉಣ್ಣುತ್ತಾರೆ, ತಾಯಿಗಾಳ ದೊಡ್ಡ ಮನೆಯಲ್ಲಿ ತೊಳೆಯದ ಪಾತ್ರೆಗಳು ರಾಶಿ ಬಿದ್ದಿರುತ್ತವೆ. ಮೊದಲ ಕಂತಿನಲ್ಲಿ ಮರದ ಕತ್ತಿ ಹಿಡಿದು ಹೊಡೆಯಲು ಬಂದವಳು ಅವನು ಮಾಡಿಕೊಟ್ಟ ಫ್ರೈಡ್ ರೈಸ್ ತಿನ್ನುತ್ತಾ ಕೂರುವಲ್ಲಿಗೇ ಇಬ್ಬರ ಸಂಬಂಧ ಗೊತ್ತಾಗಿಬಿಡುತ್ತದೆ.

ನನ್ನ ಮಟ್ಟಿಗೆ ಸರಣಿಯ ಅತ್ಯುತ್ತಮ ಪಾತ್ರ ಆಮಿ. ಮಾಡೆಲ್ ಆಗಿರುವ ಈ ಹುಡುಗಿ ಆರಂಭದಲ್ಲಿ ಬರೀ ಖಳನಾಯಕಿಯಂತೆ ಕಾಣುತ್ತಾಳೆ. ಎಲ್ಲರ ಮನಸ್ಸನ್ನೂ ಮೊದಲು ಓದುವವಳು, ಅದನ್ನು ಬಾಯಿಬಿಟ್ಟು ಹೇಳಿ ಬೈಸಿಕೊಳ್ಳುವವಳು ಅವಳೇ. ಅಂಥವಳನ್ನು ಕೊನೆಯಲ್ಲಿ ಸರಣಿ ಬದಿಗೆ ಸರಿಸಿ ಮುಂದೆ ಹೋಗುವುದನ್ನು ನಾನು ತಾಯಿಗಾಳ ಒದೆತಗಳಿಗಿಂತ ದೊಡ್ಡ ದೋಷವೆಂದು ಎಣಿಸುತ್ತೇನೆ.

ಉತ್ತರ: ರಾಯಚೂರು ಪುಸ್ತಕದಂಗಡಿ

ಆಮಿಯ ಬಗ್ಗೆ ಹೇಳಿದ್ದು ಸತ್ಯ. ಆದರೆ ದೊಡ್ಡ ದೋಷ ಮುಕ್ತಾಯದ್ದು. ಯುಯುಕೋ ತಾಕೆಮಿಯಾ ಅವರ ಮೂಲ ಲೈಟ್ ನಾವೆಲ್ (ಹದಿಹರೆಯದವರಿಗಾಗಿ ಬರೆಯುವ ಜಪಾನಿ ಜನಪ್ರಿಯ ಕಾದಂಬರಿ) ಮಾಲೆಯ ಹತ್ತನೆಯ, ಅಂದರೆ ಕೊನೆಯ ಸಂಪುಟ ಹೊರಬಂದದ್ದು 2009ರ ಮಾರ್ಚ್‌ನಲ್ಲಿ, ಸರಣಿ ಮುಗಿದ ತಿಂಗಳಲ್ಲೇ; ಮುಕ್ತಾಯದ ಅವಸರಕ್ಕೆ ಅದೇ ಕಾರಣವಿರಬಹುದು. ಕ್ರಿಸ್‌ಮಸ್ ರಾತ್ರಿಯ 19ನೆಯ ಕಂತಿನಲ್ಲಿ, ಕರಡಿ ವೇಷ ತೊಟ್ಟು ಬಂದಿದ್ದ ರ್ಯೂಜಿಯನ್ನು, ಅವನು ಮೆಚ್ಚಿದ್ದ ತನ್ನ ಗೆಳತಿ ಮಿನೋರಿಯ ಬಳಿಗೆ ಕಳುಹಿಸಿಕೊಟ್ಟ ಮೇಲೆ ತಾಯಿಗಾಗೆ ತನ್ನ ಮನಸ್ಸು ತಿಳಿಯುತ್ತದೆ. ಅವಳು ಬರಿಗಾಲಲ್ಲಿ ಬೀದಿಗೆ ಓಡಿ ಅಳುವುದನ್ನು ಮಿನೋರಿಯೇ ನೋಡುತ್ತಾಳೆ. ಒಬ್ಬಳ ಅರಿವು, ಇನ್ನೊಬ್ಬಳ ತ್ಯಾಗ, ಏನೂ ತಿಳಿಯದ ಹುಡುಗನ ಸೋಲು ಒಂದೇ ರಾತ್ರಿಯಲ್ಲಿ ನಡೆದರೂ ಅಲ್ಲಿ ಯಾವುದೂ ಅವಸರವೆನಿಸುವುದಿಲ್ಲ. ಕೊನೆಯ ಎರಡು ಕಂತುಗಳಲ್ಲಿ ಮಾತ್ರ ತಾಯಿಗಾಳ ಅಮ್ಮನ ಆಗಮನ, ಇಬ್ಬರೂ ಓಡಿಹೋಗುವ ನಿರ್ಧಾರ, ರ್ಯೂಜಿಯ ಅಜ್ಜ-ಅಜ್ಜಿಯ ಮನೆ, ಅಗಲಿಕೆ, ಮರಳಿ ಬರುವುದು ಎಲ್ಲವನ್ನೂ ತುರುಕಲಾಗಿದೆ. ತಾಯಿಗಾ ಅಮ್ಮನೊಂದಿಗೆ ಹೋಗುವ ನಿರ್ಧಾರ ಅವಳು ಬೆಳೆದದ್ದರ ಗುರುತು, ಸರಿ. ಆದರೆ ಆ ಅಮ್ಮನನ್ನು ನಾವು ಸರಿಯಾಗಿ ನೋಡಿಯೇ ಇಲ್ಲವಲ್ಲ!

ಪ್ರಶ್ನೆ ಕೇಳಿದವರು:

ಧನ್ಯವಾದಗಳು. ಹಾಗಾದರೆ ಆ ಒದೆತಗಳು ಕೊನೆಯವರೆಗೂ ಹಾಗೆಯೇ ಇರುತ್ತವೆಯೆ?

ಉತ್ತರ: ಬಳ್ಳಾರಿ ಕೋಟೆ

ಕಡಿಮೆಯಾಗುತ್ತವೆ, ಪೂರ್ತಿ ನಿಲ್ಲುವುದಿಲ್ಲ. 16ನೆಯ ಕಂತಿನಲ್ಲಿ ಅದೇ ಮರದ ಕತ್ತಿಯನ್ನು ಅವಳು ವಿದ್ಯಾರ್ಥಿ ಸಂಘದ ಅಧ್ಯಕ್ಷೆಯ ಮೇಲೆ ಎತ್ತುತ್ತಾಳೆ, ಆಗ ನಗುವ ಮಾತೇ ಇಲ್ಲ. ಅದನ್ನು ನೋಡಿದ ಮೇಲೆ ಹಿಂದಿನ ಕಂತುಗಳ ಹೊಡೆದಾಟಕ್ಕೆ ಕ್ಷಮೆ ಸಿಗುತ್ತದೆಯೋ ಇಲ್ಲವೋ ನೀವೇ ಹೇಳಿ; ನಾನು ಅರ್ಧ ಕ್ಷಮಿಸಿದ್ದೇನೆ.