ಅಪ್‌ಡೇಟ್: ಹಡಗಿನಿಂದ ಇಳಿಯುವಾಗ ಪಾಸ್‌ಪೋರ್ಟ್ ಒಯ್ಯಬೇಕಾ?

ಸಿಂಗಪುರದಿಂದ ಹೊರಡುವ ಕ್ರೂಸ್‌ನಲ್ಲಿ (ಪ್ರವಾಸಿ ಹಡಗು) ಮಲೇಷ್ಯಾದ ಪೆನಾಂಗ್, ಥಾಯ್ಲೆಂಡ್‌ನ ಫುಕೆಟ್‌ನಲ್ಲಿ ಇಳಿಯುವಾಗ ಪಾಸ್‌ಪೋರ್ಟ್ ಜೊತೆಗಿರಬೇಕಾ ಅಂತ ಕೇಳಿದ್ದೆ. ಅದು ಬಂದರಿಗೊಂದು ಥರ. ಇಳಿಯೋ ಮುಂಚೆ ಹಡಗಿನವರು ಹೇಳಿದ್ದೇ ಅಂತಿಮ. ಆದರೆ ಹಡಗಿನವರು ಪ್ರತಿ ಪ್ರಯಾಣಿಕರಿಗೂ ಕೊಡುವ ಕಾರ್ಡ್ ಎಲ್ಲಿಳಿದರೂ ಬೇಕೇ ಬೇಕು, ವಾಪಸ್ ಹತ್ತುವಾಗ ಅದನ್ನೇ ಸ್ಕ್ಯಾನ್ ಮಾಡೋದು. ಪಾಸ್‌ಪೋರ್ಟ್ ಹಡಗಿನವರೇ ಇಟ್ಟುಕೊಂಡರೆ ಝೆರಾಕ್ಸ್ ಒಯ್ಯಿರಿ. ಬೆಂಗಳೂರಲ್ಲೇ ಮಾಡಿಸಿಕೊಳ್ಳಿ: ಫೋಟೋ ಪುಟವಷ್ಟೇ ಸಾಲದು, ವಿಳಾಸವಿರುವ ಕೊನೇ ಪುಟ, ವೀಸಾ ಪ್ರತಿಯೂ ಇರಲಿ. ಪಾಸ್‌ಪೋರ್ಟ್ ಕಳೆದರೆ ಭಾರತೀಯ ದೂತಾವಾಸದಲ್ಲಿ ಎಮರ್ಜೆನ್ಸಿ ಸರ್ಟಿಫಿಕೇಟ್‌ಗೆ (ಭಾರತಕ್ಕೆ ಮರಳಲು ಕೊಡುವ ತಾತ್ಕಾಲಿಕ ಪತ್ರ) ಈ ಪ್ರತಿಗಳ ಜೊತೆ ಪೊಲೀಸ್ ದೂರು, ಫೋಟೋ ಕೇಳ್ತಾರೆ. ಆಧಾರ್ ಪಾಸ್‌ಪೋರ್ಟ್ ಬದಲಿಗೆ ನಡೆಯಲ್ಲ.

ಎಷ್ಟೋ ಏಜೆಂಟರು ಬಾಯಿಬಿಡದ ವಿಷಯ ಒಂದಿದೆ: ಹಡಗು ಸಿಂಗಪುರಕ್ಕೇ ಮರಳುವುದರಿಂದ ಅಲ್ಲಿನ ವೀಸಾ ಮಲ್ಟಿಪಲ್ ಎಂಟ್ರಿಯೇ (ಒಂದಕ್ಕಿಂತ ಹೆಚ್ಚು ಸಲ ಒಳಬರಲು ಬಿಡುವಂಥದ್ದು) ಇರಬೇಕು. ಫುಕೆಟ್ ಗಡಿಯಾರ ಸಿಂಗಪುರಕ್ಕಿಂತ 1 ಗಂಟೆ ಹಿಂದೆ. ವಾಪಸಾಗುವ ಗಡುವು ಯಾವ ಗಡಿಯಾರದ್ದು ಅಂತ ಇಳಿಯುವ ಬಾಗಿಲಲ್ಲೇ ಕೇಳಿಕೊಳ್ಳಿ.