ಬೆಳೆಗಾರರ ವಾಟ್ಸ್ಆ್ಯಪ್ ಗುಂಪಿಗೆ ನಿಯಮ ಬರೆಯಬೇಕು: ಯಾವುದು ಇರಲಿ, ಯಾವುದನ್ನು ಅಳಿಸಬೇಕು?

ಪ್ರಶ್ನೆ: ಅಮ್ಮತ್ತಿ ಕಡೆಯ ಅಡ್ಮಿನ್

ಎಲ್ಲರಿಗೂ ನಮಸ್ಕಾರ. ಕೊಡಗಿನ ಅಮ್ಮತ್ತಿ, ಸಿದ್ದಾಪುರ, ಪಾಲಿಬೆಟ್ಟ ಸುತ್ತಿನ ಸುಮಾರು 400 ಬೆಳೆಗಾರರ ಗುಂಪು ನಮ್ಮದು. ಕಾಫಿ, ಮೆಣಸಿನ ದರ, ಮಳೆ ಲೆಕ್ಕ, ರೋಗ, ಕೀಟ, ಆನೆ ಬಂದ ಸುದ್ದಿ ಎಲ್ಲವೂ ಒಂದೇ ಕಡೆ. ಬೆಳಿಗ್ಗೆ ಯಾರೋ ‘ಆನೆ ಇದೆ, ಹುಷಾರು’ ಅಂತ ಹಾಕಿದರೆ ಅದರ ಮೇಲೆ ಐವತ್ತು ‘ಶುಭೋದಯ’ ಬಂದು ಕೂರುತ್ತವೆ. ಆಗಸ್ಟ್ ಬಂತೆಂದರೆ ಗುಡ್ಡ ಕುಸಿದ ವಿಡಿಯೋಗಳು ಸಾಲಾಗಿ ಬರುತ್ತವೆ, ಎಲ್ಲಿಯದು ಯಾವತ್ತಿನದು ಗೊತ್ತಾಗುವುದಿಲ್ಲ. ಮಳೆಗಾಲಕ್ಕೆ ಮುಂಚೆ ನಿಯಮ ಬರೆದು ಹಾಕಬೇಕೆಂದಿದ್ದೇವೆ. ಬರೆಯುವವರು ಏನೇನು ಪಾಲಿಸಬೇಕು ಅಂತ ಹೇಳಬೇಕು? ಅಡ್ಮಿನ್ ಮಾತ್ರ ಬರೆಯುವ ಹಾಗೆ ಬೀಗ ಹಾಕುವುದು ಒಳ್ಳೆಯದಾ? ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಮೇಲೆ ಕೇಸ್ ಬೀಳುತ್ತದೆ ಅನ್ನುತ್ತಾರಲ್ಲ, ಅದು ನಿಜವಾ?

ಉತ್ತರ 1: ಮಳೆಲೆಕ್ಕ, ಮಾದಾಪುರ

ನಿಯಮ ಹತ್ತು ಬೇಡ. ಒಂದನ್ನು ಮಾತ್ರ ಬಿಗಿಯಾಗಿ ಹಿಡಿಯಿರಿ: ಯಾವ ಊರು, ಯಾವ ದಿನ, ಎಷ್ಟು ಗಂಟೆ ಅನ್ನುವುದು ಸಂದೇಶದ ಒಳಗೇ ಅಕ್ಷರದಲ್ಲಿ ಇರಬೇಕು. ಕಾರಣ ಸರಳ. ಒಂದು ಸಂದೇಶವನ್ನು ಫಾರ್ವರ್ಡ್ ಮಾಡಿದಾಗ ಅದರ ಪಕ್ಕ ಕಾಣುವುದು ಫಾರ್ವರ್ಡ್ ಮಾಡಿದ ಹೊತ್ತು, ಮೊದಲು ಬರೆದ ಹೊತ್ತಲ್ಲ. ಫೋಟೋ ತೆಗೆದ ದಿನ, ಜಾಗದ ಮಾಹಿತಿಯೂ ವಾಟ್ಸ್ಆ್ಯಪ್ ದಾಟಿ ಬರುವಾಗ ಉದುರಿಹೋಗಿರುತ್ತದೆ. 2018ರ ಜೋಡುಪಾಲ, ಮಕ್ಕಂದೂರಿನ ಗುಡ್ಡ ಕುಸಿತದ ದೃಶ್ಯಗಳು ಪ್ರತಿ ಆಗಸ್ಟ್‌ನಲ್ಲಿ ‘ಈಗಷ್ಟೇ’ ಅಂತ ಮತ್ತೆ ಬರುವುದು ಇದೇ ದಾರಿಯಲ್ಲಿ. ನೋಡಿದವರು ಹೆದರಿ ಮನೆ ಬಿಡುತ್ತಾರೆ. ಇಲ್ಲವೇ ನಾಲ್ಕು ಸಲ ಹೀಗಾದ ಮೇಲೆ ಐದನೆಯ ಸಲ ನಿಜವಾದದ್ದನ್ನೂ ನಂಬುವುದಿಲ್ಲ. ಎರಡನೆಯದು ಹೆಚ್ಚು ಅಪಾಯ.

ಆದ್ದರಿಂದ ಕುಸಿತ, ರಸ್ತೆ ಬಂದ್, ಹೊಳೆ ನೀರಿನ ಸುದ್ದಿಗೆ ನಿಯಮ ಹೀಗಿರಲಿ: ನೀವೇ ಕಂಡದ್ದು, ಇಲ್ಲವೇ ಕಂಡವರ ಹತ್ತಿರ ನೀವೇ ಮಾತಾಡಿದ್ದು ಮಾತ್ರ. ಜೋಡಿ ಬಾಣದ ಗುರುತು ಇದ್ದರೆ ಅದು ಐದಾರು ಕೈ ದಾಟಿ ಬಂದದ್ದು ಎಂದರ್ಥ, ಹಾಕಬಾರದು. ಗುಂಪಿಗೆ ಹಾಕುವ ಮೊದಲು ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ಕರೆ ಹೋಗಲಿ, ನಮ್ಮ ಗುಂಪಿನಲ್ಲಿ ರಕ್ಷಣಾ ತಂಡ ಕೂತಿರುವುದಿಲ್ಲ.

ಆನೆ ಸುದ್ದಿಗೆ ನಾಲ್ಕು ಮಾಹಿತಿ ಸಾಕು: ಎಲ್ಲಿ, ಕಂಡದ್ದು ಎಷ್ಟು ಗಂಟೆಗೆ, ಎಷ್ಟು ಆನೆ (ಮರಿ ಇದೆಯಾ), ಯಾವ ಕಡೆ ಮುಖ. ‘ನಮ್ಮ ತೋಟದ ಹತ್ತಿರ’ ಅಂತ ಬರೆದರೆ ಬರೆದವರಿಗೆ ಬಿಟ್ಟು ಬೇರೆ ಯಾರಿಗೂ ಉಪಯೋಗವಿಲ್ಲ. ರಸ್ತೆ ಹೆಸರು, ಯಾವ ಲೈನ್‌ಮನೆ (ತೋಟದ ಕಾರ್ಮಿಕರ ಸಾಲುಮನೆ), ಯಾವ ಬಸ್ ಸ್ಟಾಪ್, ಇಷ್ಟು ಹೇಳಿ. ಕೆಲಸಕ್ಕೆ ನಡೆದು ಬರುವವರು, ಶಾಲೆ ಮಕ್ಕಳು ಓಡಾಡುವ ಹೊತ್ತಿನಲ್ಲಿ ಈ ಒಂದು ಸಾಲಿನ ಬೆಲೆ ತುಂಬಾ ದೊಡ್ಡದು. ಆನೆ ದಾಟಿ ಹೋದ ಮೇಲೆ ಅದೇ ಸಂದೇಶಕ್ಕೆ ರಿಪ್ಲೈ ಒತ್ತಿ ‘7.40ಕ್ಕೆ ದಾಟಿತು’ ಅಂತ ಬರೆಯಬೇಕು. ತಿದ್ದುವ ಅವಕಾಶ 15 ನಿಮಿಷ ಮಾತ್ರ ಇರುವುದರಿಂದ ರಿಪ್ಲೈಯೇ ದಾರಿ. ಹತ್ತಿರ ಹೋಗಿ ತೆಗೆದ ವಿಡಿಯೋ ಕಂಡ ಕೂಡಲೆ ಅಳಿಸಿ. ಅದನ್ನು ನೋಡಿ ಜನ ಸೇರುತ್ತಾರೆ, ಆನೆ ಬೆದರುತ್ತದೆ, ಪೆಟ್ಟು ತಿನ್ನುವುದು ಏನೂ ಅರಿಯದೆ ಆ ಕಡೆ ಬಂದವರು.

ಮಳೆ ಲೆಕ್ಕದ ಜಗಳವೂ ಇದರದ್ದೇ ತಮ್ಮ. ‘ನಿನ್ನೆ ಒಂದೂವರೆ ಬಂತು’ ಅಂದರೆ ಇಂಚಾ, ಸೆಂಟಿಮೀಟರಾ? ನಮ್ಮಲ್ಲಿ ಹಳಬರು ಇಂಚು, ಸೆಂಟ್ ಅನ್ನುತ್ತಾರೆ, 100 ಸೆಂಟ್‌ಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಒಂದೂವರೆ ಇಂಚು 38 ಮಿ.ಮೀ., ಒಂದೂವರೆ ಸೆಂಟಿಮೀಟರ್ ಬರೀ 15. ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ) ಸಾಕಾಯಿತೋ, ಸ್ಪ್ರಿಂಕ್ಲರ್ ಇಡಬೇಕೋ ಅಂತ ಪಕ್ಕದ ತೋಟದವರು ಲೆಕ್ಕ ಹಾಕುವುದು ನಿಮ್ಮ ಈ ಅಂಕಿ ನೋಡಿ. ಎಲ್ಲರೂ ಬೆಳಿಗ್ಗೆ 8.30ಕ್ಕೆ ಅಳೆದು, ಹಿಂದಿನ 24 ಗಂಟೆಯದು ಅಂತ ಹಾಕಿದರೆ ಒಂದು ಊರಿನದನ್ನು ಇನ್ನೊಂದರ ಜೊತೆ ಹೋಲಿಸಬಹುದು.

ಉತ್ತರ 2: ಗೋಣಿಕೊಪ್ಪ ಸಂತೆದಾರಿ

ದರ ಮತ್ತು ರೋಗದ ವಿಷಯ ನಾನು ಹೇಳುತ್ತೇನೆ.

ದರ ಹಾಕುವವರು ದಿನ, ಊರು, ಮಾಲು, ಅಳತೆ ನಾಲ್ಕನ್ನೂ ಬರೆಯಬೇಕು. ಬರೀ ‘ರೋಬಸ್ಟಾ 300’ ಅಂದರೆ ಚೆರಿ (ಒಣಗಿಸಿದ ಹಣ್ಣು) ಔಟ್‌ಟರ್ನ್ ದರವೂ ಆಗಬಹುದು, ಕ್ಲೀನ್ ಕಾಫಿಯ (ಸಿಪ್ಪೆ ತೆಗೆದ ಬೀಜ) ಕೆ.ಜಿ. ದರವೂ ಆಗಬಹುದು. 50 ಕೆ.ಜಿ. ಚೆರಿ ಮೂಟೆಯಲ್ಲಿ ಎಷ್ಟು ಕೆ.ಜಿ. ಬೀಜ ಇಳಿಯುತ್ತದೋ ಅದು ಔಟ್‌ಟರ್ನ್. ಉದಾಹರಣೆಗೆ ಪಾಯಿಂಟ್‌ಗೆ, ಅಂದರೆ ಇಳಿದ ಒಂದೊಂದು ಕೆ.ಜಿ.ಗೆ, 300 ರೂಪಾಯಿ ಆದರೆ, 27 ಇಳಿದ ಮೂಟೆಗೆ 8,100, 25 ಇಳಿದ ಮೂಟೆಗೆ 7,500. ಒಂದೇ ದಿನ, ಒಂದೇ ಅಂಗಡಿ, 600 ರೂಪಾಯಿ ವ್ಯತ್ಯಾಸ. ಇದನ್ನು ಬರೆಯದೆ ಮೂಟೆ ದರ ಮಾತ್ರ ಹಾಕಿದಾಗ ‘ಆ ವ್ಯಾಪಾರಿ ಮೋಸ ಮಾಡಿದ’ ಅಂತ ಗುಂಪಿನಲ್ಲಿ ಮಾತು ಏಳುತ್ತದೆ. ಮಾಲಿನ ತೇವಾಂಶ ಅಳೆಸಿದ್ದರೆ ಅದನ್ನೂ ಬರೆಯಲಿ, ಮೆಣಸಿಗಂತೂ ಅದು ಬೇಕೇ ಬೇಕು. ವ್ಯಾಪಾರಿಗಳು ಗುಂಪಿನಲ್ಲಿ ಇರಲಿ, ತೊಂದರೆಯಿಲ್ಲ, ಆದರೆ ತಾವು ಕೊಳ್ಳುವವರು ಅಂತ ಸಂದೇಶದಲ್ಲಿ ಹೇಳಬೇಕು. ಅಂಗಡಿ, ಔಷಧಿ, ಯಂತ್ರದ ಜಾಹೀರಾತಿಗೆ ವಾರದಲ್ಲಿ ಒಂದು ದಿನ ಕೊಡಿ, ಉಳಿದ ದಿನ ಅಳಿಸಿ.

ರೋಗದ ಪ್ರಶ್ನೆ. ‘ಮೆಣಸಿನ ಬಳ್ಳಿ ಒಣಗ್ತಾ ಇದೆ, ಏನು ಹೊಡೆಯೋದು?’ ಇದಕ್ಕೆ ಪ್ರಾಮಾಣಿಕವಾದ ಉತ್ತರವೇ ಇಲ್ಲ. ಜೋರು ಮಳೆಯ ನಡುವೆ ಎಲೆ ಕಪ್ಪಾಗಿ ಉದುರಿ, ಬುಡ ಕೊಳೆತು, ಕೆಲವೇ ವಾರದಲ್ಲಿ ಬಳ್ಳಿ ಹೋದರೆ ಶೀಘ್ರ ಸೊರಗು ರೋಗ ಅನ್ನಬಹುದು. ಮಳೆ ಮುಗಿದ ಮೇಲೆ ನಿಧಾನಕ್ಕೆ ಹಳದಿಯಾಗಿ ಬೇರು ಸಣ್ಣಗಾದರೆ ನಿಧಾನ ಸೊರಗು, ಅದರಲ್ಲಿ ಬೇರಿನ ಜಂತುಹುಳದ (ನೆಮಟೋಡ್) ಪಾತ್ರವೂ ಇರುತ್ತದೆ. ಎರಡಕ್ಕೂ ಮದ್ದು ಒಂದೇ ಅಲ್ಲ. ಆದ್ದರಿಂದ ಕೇಳುವವರು ಮೂರು ಫೋಟೋ ಹಾಕಲಿ: ಇಡೀ ಬಳ್ಳಿ, ಎಲೆಯ ಎರಡೂ ಮುಖ ಒಟ್ಟಿಗೆ, ಮಣ್ಣು ಸರಿಸಿದ ಬುಡ. ಕಳಿಸುವಾಗ ಎಚ್‌ಡಿ ಗುಂಡಿ ಒತ್ತಲಿ, ಇಲ್ಲದಿದ್ದರೆ ಫೋಟೋ ಕುಗ್ಗಿ ಎಲೆಯ ಚುಕ್ಕೆ ಮಸುಕಾಗುತ್ತದೆ. ಜೊತೆಗೆ ಯಾವಾಗ ಶುರುವಾಯಿತು, ಎಷ್ಟರಲ್ಲಿ ಎಷ್ಟು ಬಳ್ಳಿ, ನೀರು ನಿಲ್ಲುವ ಜಾಗವಾ, ಕೊನೆಗೆ ಏನು ಎಷ್ಟು ಯಾವತ್ತು ಹೊಡೆದದ್ದು, ಇವು ಬೇಕು.

ಉತ್ತರ ಕೊಡುವವರಿಗೆ ಇನ್ನೂ ಬಿಗಿಯಾದ ನಿಯಮ ಬೇಕು ಅನ್ನುವುದು ನನ್ನ ಅಭಿಪ್ರಾಯ. ಔಷಧಿಯ ಹೆಸರು ಮಾತ್ರ ಬರೆದು ‘ಇದು ಹೊಡೀರಿ’ ಅಂದರೆ ಅಡ್ಮಿನ್ ಅದನ್ನು ತಡೆಯಬೇಕು. ಪ್ರಮಾಣ ಇರಲಿ, ಎಲೆಗೆ ಸಿಂಪಡಿಸುವುದೋ ಬುಡಕ್ಕೆ ಸುರಿಯುವುದೋ ಇರಲಿ, ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅನ್ನುವುದೂ ಇರಲಿ. ‘ಒಂದು ಪರ್ಸೆಂಟ್ ಬೋರ್ಡೋ’ ಅಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. 200 ಲೀಟರಿನ ಬ್ಯಾರಲ್‌ಗೆ ತಲಾ ಎರಡೆರಡು ಕೆ.ಜಿ. ಕಾಫಿ ಎಲೆ ತುಕ್ಕಿಗೆ ಹೊಡೆಯುವುದು ಇದರ ಅರ್ಧ ಪ್ರಮಾಣ. ‘ಬ್ಯಾರಲ್‌ಗೆ ಇಷ್ಟು’, ‘ನೂರು ಲೀಟರಿಗೆ ಇಷ್ಟು’ ಎರಡೂ ಒಂದೇ ಸಾಲಿನಲ್ಲಿ ಕಲಸಿಹೋದರೆ ಪ್ರಮಾಣ ಎರಡು ಪಟ್ಟಾಗುತ್ತದೆ. ಮೂವರು ಮೂರು ಮಾತು ಹೇಳಿದಾಗ ಚರ್ಚೆ ಅಲ್ಲಿಗೇ ನಿಲ್ಲಿಸಿ, ಮಾದರಿ ಹಿಡಿದು ಹೋಗಲು ಹೇಳಿ: ಕಾಫಿಗೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಮೆಣಸು, ಏಲಕ್ಕಿಗೆ ಅಪ್ಪಂಗಳದ ಸಂಬಾರ ಬೆಳೆ ಸಂಶೋಧನಾ ಕೇಂದ್ರ, ಹತ್ತಿರವಾದರೆ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ.

ಉತ್ತರ 3: ಕುಶಾಲನಗರ ಸೇತುವೆ

ಬೀಗದ ಪ್ರಶ್ನೆಗೆ: ವರ್ಷಪೂರ್ತಿ ಬೀಗ ಬೇಡ. ಬೆಳಿಗ್ಗೆ ಆರಕ್ಕೆ ಆನೆ ಕಂಡವರು ಅಡ್ಮಿನ್ ಏಳುವ ತನಕ ಕಾಯಬೇಕಾದರೆ ಗುಂಪು ಯಾಕೆ? ಅದರ ಬದಲು ‘ಕಮ್ಯುನಿಟಿ’ ಮಾಡಿ, ಅದರೊಳಗೆ ಎರಡು ಗುಂಪು ಇಡಿ. ಒಂದು ಎಚ್ಚರಿಕೆಗೆ ಮಾತ್ರ: ಆನೆ, ರಸ್ತೆ, ಕುಸಿತ, ಕರೆಂಟ್ ತಂತಿ ಬಿದ್ದದ್ದು. ಯಾರು ಬೇಕಾದರೂ ಬರೆಯಬಹುದು, ಆದರೆ ವಿಷಯ ಬಿಟ್ಟದ್ದು ಕೂಡಲೆ ಅಳಿಯುತ್ತದೆ. ಇನ್ನೊಂದರಲ್ಲಿ ದರ, ರೋಗ, ಉಳಿದ ಮಾತುಕತೆ. ಮೊದಲನೆಯದಕ್ಕೆ ಫೋನಿನಲ್ಲಿ ಸದ್ದು ಇಟ್ಟುಕೊಳ್ಳಲು, ಎರಡನೆಯದನ್ನು ಮ್ಯೂಟ್ ಮಾಡಲು ಹೇಳಿ. ಧನ್ಯವಾದ, ಕೈಮುಗಿಯುವುದು ಎಲ್ಲಕ್ಕೂ ಸಂದೇಶದ ಮೇಲೆ ಬೆರಳಿಟ್ಟು ಒತ್ತಿ ಹಿಡಿದು ಚಿಹ್ನೆ ಹಾಕಿದರೆ ಸಾಕು, ಹೊಸ ಸಾಲು ಬೇಡ.

ಅಳಿಸುವ ಕ್ರಮ ಮುಖ್ಯ. ವಾಟ್ಸ್ಆ್ಯಪ್‌ನಲ್ಲಿ ಒಬ್ಬರ ಬಾಯಿ ಮಾತ್ರ ಮುಚ್ಚಿಸುವ ಸೌಲಭ್ಯ ಇಲ್ಲ, ಟೆಲಿಗ್ರಾಂನಲ್ಲಿ ಇದೆ. ಇಲ್ಲಿ ಅಡ್ಮಿನ್ ಕೈಯಲ್ಲಿ ಇರುವುದು ಎರಡೇ: ಸಂದೇಶ ಅಳಿಸುವುದು, ಜನರನ್ನು ತೆಗೆಯುವುದು. ಅದಕ್ಕೇ ಮೊದಲ ಸಲ ಖಾಸಗಿಯಾಗಿ ಬರೆದು ‘ಊರು, ಹೊತ್ತು ಸೇರಿಸಿ ಮತ್ತೆ ಹಾಕಿ’ ಅನ್ನಿ. ಎರಡನೆಯ ಸಲ ಅಳಿಸಿ, ಯಾವ ನಿಯಮಕ್ಕೆ ಅಂತ ಗುಂಪಿನಲ್ಲೇ ಒಂದು ಸಾಲು ಬರೆಯಿರಿ. ಕಾರಣ ಹೇಳದೆ ಅಳಿಸಿದರೆ ಪಂಗಡ, ಕುಟುಂಬ, ಪಕ್ಷ ಅಂತ ಬೇರೆ ಅರ್ಥ ಹುಟ್ಟುತ್ತದೆ, ಎಲ್ಲರೂ ಎಲ್ಲರಿಗೂ ಗೊತ್ತಿರುವ ಊರಿನಲ್ಲಿ ಅದು ಬೇಗ ಬೆಳೆಯುತ್ತದೆ. ಮೂರನೆಯ ಸಲ ಹದಿನೈದು ದಿನ ಹೊರಗೆ, ಆ ಮೇಲೆ ವಾಪಸ್. ಅಡ್ಮಿನ್ ಅಳಿಸಲು ಸುಮಾರು ಎರಡು ದಿನದ ಗಡುವಿದೆ, ಆದ್ದರಿಂದ ‘ನೋಡೋಣ’ ಅಂತ ಬಿಡಬೇಡಿ.

ಅಡ್ಮಿನ್‌ಗಳು ಕನಿಷ್ಠ ಮೂರು ಜನ ಇರಲಿ, ಒಬ್ಬರು ಜಿಲ್ಲೆಯ ಹೊರಗೆ, ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವವರು. ಜುಲೈನಲ್ಲಿ ಮರ ಬಿದ್ದು ಕರೆಂಟ್ ಹೋಗಿ, ಟವರ್ ಸತ್ತಾಗ ಗಾಳಿಸುದ್ದಿ ಅಳಿಸಲು ಇಲ್ಲಿ ಯಾರ ಫೋನೂ ನಡೆಯುವುದಿಲ್ಲ.

ಕೇಸಿನ ವಿಷಯ: 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟ್, ಸದಸ್ಯ ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಹೊಣೆ ಹೊರಿಸಲಾಗದು ಎಂದಿವೆ. ಒಟ್ಟಿಗೆ ಸೇರಿ ಮಾಡಿದ್ದರೆ ಮಾತು ಬೇರೆ. ತಿಳಿದ ಮೇಲೂ ಬಿಟ್ಟುಬಿಡುವುದು ಜಾಣತನವಲ್ಲ. ಇನ್ನು ಬಹಳ ಗುಂಪುಗಳ ನಿಯಮದಲ್ಲಿ ‘ಸೆಕ್ಷನ್ 66ಎ ಪ್ರಕಾರ ಶಿಕ್ಷೆ’ ಅಂತ ಇರುತ್ತದೆ, ಅದು ಐಟಿ ಕಾಯ್ದೆಯದ್ದು. ಆ ಸೆಕ್ಷನನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ, ನಿಮ್ಮದರಲ್ಲಿ ಹಾಕಬೇಡಿ.

ಅಮ್ಮತ್ತಿ ಕಡೆಯ ಅಡ್ಮಿನ್

ತುಂಬಾ ಉಪಕಾರ. ಇನ್ನೊಂದು. ‘ಮುಂಗಡ ತೆಗೆದುಕೊಂಡು ಓಡಿಹೋದ, ಯಾರೂ ಕೆಲಸ ಕೊಡಬೇಡಿ’ ಅಂತ ಕಾರ್ಮಿಕರ ಫೋಟೋ, ಆಧಾರ್ ಕಾರ್ಡ್ ಹಾಕುತ್ತಾರೆ. ಹಾಕಿದವರಿಗೆ ನಷ್ಟವಾಗಿರುವುದೂ ನಿಜ. ಏನು ಮಾಡುವುದು?

ಉತ್ತರ 4: ಕುಶಾಲನಗರ ಸೇತುವೆ

ಇದಕ್ಕೆ ಮೊದಲ ಸಲ, ಎರಡನೆಯ ಸಲ ಅನ್ನುವ ಲೆಕ್ಕವೇ ಇಲ್ಲ, ಕಂಡ ನಿಮಿಷ ಅಳಿಸಿ. ಯಾರದೇ ಆಧಾರ್ ಸಂಖ್ಯೆಯನ್ನು ಹೀಗೆ ಬಹಿರಂಗವಾಗಿ ಹಾಕುವುದನ್ನು ಆಧಾರ್ ಕಾಯ್ದೆಯೇ ತಡೆಯುತ್ತದೆ. ನಾನೂರು ಫೋನಿಗೆ ಇಳಿದ ಫೋಟೋ ನೀವು ಅಳಿಸಿದರೂ ಕೆಲವರ ಗ್ಯಾಲರಿಯಲ್ಲಿ ಉಳಿದಿರುತ್ತದೆ, ಹೆಸರು ತಪ್ಪಾಗಿದ್ದರೆ ಆ ಮನುಷ್ಯನಿಗೆ ಇಡೀ ಜಿಲ್ಲೆಯಲ್ಲಿ ಕೂಲಿ ಸಿಗುವುದಿಲ್ಲ. ಉತ್ತರ ಕೊಡಲು ಆತ ಗುಂಪಿನಲ್ಲೂ ಇಲ್ಲ. ಹಣದ ತಕರಾರಿಗೆ ಪೊಲೀಸ್ ಠಾಣೆ ಇದೆ. ಮಕ್ಕಳ ಫೋಟೋ, ಅಪಘಾತದ ದೇಹದ ಫೋಟೋಗಳಿಗೂ ಇದೇ ನಿಯಮ.

ಉತ್ತರ 5: ಮಳೆಲೆಕ್ಕ, ಮಾದಾಪುರ

ಭಾಷೆಯ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ಮಾತುಕತೆಯ ಗುಂಪಿನಲ್ಲಿ ಕೊಡವ, ಅರೆಭಾಷೆ, ಮಲಯಾಳ ಯಾವುದಾದರೂ ಬರಲಿ, ತಡೆಯಬೇಡಿ. ಎಚ್ಚರಿಕೆಯ ಗುಂಪಿನಲ್ಲಿ ಮಾತ್ರ ಕನ್ನಡ, ಕನ್ನಡ ಅಕ್ಷರದಲ್ಲೇ. ವಾಯ್ಸ್ ಹಾಕಿದರೆ ಹುಡುಕಲು ಸಿಗುವುದಿಲ್ಲ, ಸಿಗ್ನಲ್ ಕಡಿಮೆ ಇದ್ದರೆ ಇಳಿಯುವುದೂ ಇಲ್ಲ, ಬರೆದ ಒಂದು ಸಾಲು ಹೇಗೋ ಬಂದು ಸೇರುತ್ತದೆ. ಟೈಪ್ ಮಾಡಲು ಬಾರದ ಹಿರಿಯರು ವಾಯ್ಸ್ ಹಾಕಲಿ, ಅಡ್ಮಿನ್ ಅದರ ಕೆಳಗೆ ಬರೆದು ಹಾಕಲಿ, ಅವರನ್ನು ಹೊರಗೆ ಬಿಡುವುದು ಸರಿಯಲ್ಲ.

ನಿಯಮಗಳನ್ನು ಗುಂಪಿನ ವಿವರಣೆಯಲ್ಲಿ ಹಾಕಿ. ಪಿನ್ ಮಾಡಿದ್ದು ಹೆಚ್ಚೆಂದರೆ 30 ದಿನ ಇರುತ್ತದೆ, ಪಿನ್ ಜಾಗವನ್ನು ಆ ದಿನದ ಎಚ್ಚರಿಕೆಗೆ 24 ಗಂಟೆ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಅದರ ಪಕ್ಕದಲ್ಲೇ 1077, ಅರಣ್ಯ ಇಲಾಖೆಯ 1926, ಕರೆಂಟಿಗೆ 1912 ಬರೆದಿಡಿ.